ದೇವರ ಮುಂದೆ ಅರಿಕೆ ಮಾಡಿಯಾಯಿತು, ಅನ್ಯಾಯಕ್ಕೊಳಗಾದವರಿಗೂ ಹೇಳಬೇಕೇ?

ಪ್ರಶ್ನೆ: ವೇದಪಾಠದ ಅಕ್ಕ, ಕರಾವಳಿ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ನಾನು ವಾರಕ್ಕೊಮ್ಮೆ ಮಹಿಳೆಯರ ವೇದಪಾಠ ನಡೆಸುತ್ತೇನೆ. ಕೂಟದ ಸಹೋದರಿಯೊಬ್ಬರು ಹೆಸರು ಹೇಳದೆ ಈ ವಿಷಯವನ್ನು ಇಲ್ಲಿ ಕೇಳುವಂತೆ ತಾವೇ ತಿಳಿಸಿದ್ದಾರೆ. ನಾದಿನಿಯ ಮದುವೆಗೆಂದು ಅತ್ತೆಯವರು ಇವರ ಕೈಗೆ ಕೊಟ್ಟು ಇರಿಸಿದ್ದ ಐದು ಪವನಿನ ಅವಲಕ್ಕಿ ಸರವನ್ನು ಇವರು ಗಂಡನಿಗೂ ತಿಳಿಸದೆ, ತವರಿನ ಸಾಲ ತೀರಿಸಲು ಅಡವಿಟ್ಟರು. ಬಡ್ಡಿ ಕಟ್ಟಲಾಗದೆ ಅದು ಹರಾಜಿಗೆ ಹೋಯಿತು. ಸರ ಕಾಣೆಯಾಗಿದೆ ಎಂದು ಮನೆಯಲ್ಲಿ ಗೊತ್ತಾದಾಗ ಸಂಶಯ ಕೆಲಸದಾಕೆಯ ಮೇಲೆ ಬಂದು ಆಕೆಯನ್ನು ಬಿಡಿಸಿದರು. ಅತ್ತೆಯವರು ಈಗಿಲ್ಲ. ನಾದಿನಿಯ ಮದುವೆ ಸಾಲ ಮಾಡಿ ನಡೆಯಿತು.

ಈ ಸಹೋದರಿ ಉಪವಾಸ ಪ್ರಾರ್ಥನೆಯಲ್ಲಿ ಅತ್ತು ಅರಿಕೆ ಮಾಡಿದ್ದಾರೆ. ಪ್ರಭುಭೋಜನದ ಆರಾಧನೆಯಲ್ಲಿ ಸಭೆಯೊಂದಿಗೆ ಪಾಪದ ಅರಿಕೆಯನ್ನು ಓದುತ್ತಾರೆ. ಕಳೆದ ಬೆಳೆ ಹಬ್ಬದಲ್ಲಿ, ಸಭೆಗೆ ಬಂದ ಕಾಣಿಕೆಗಳ ಏಲಂನಲ್ಲಿ ಒಂದು ಹಲಸಿನ ಹಣ್ಣಿಗೆ ಯಾರೂ ಕೂಗದಷ್ಟು ಬೆಲೆ ಕೂಗಿ ಕೊಂಡರು. ಏಕೆಂದು ನನಗೆ ಈಗ ತಿಳಿಯಿತು. ಆದರೂ ಸಮಾಧಾನವಿಲ್ಲ. 51ನೇ ಕೀರ್ತನೆಯಲ್ಲಿ ದಾವೀದನು ದೇವರಿಗೊಬ್ಬನಿಗೇ ತಪ್ಪು ಮಾಡಿದ್ದೇನೆ ಎನ್ನುತ್ತಾನಲ್ಲವೇ, ಹಾಗಿರುವಾಗ ಮನೆಯವರಿಗೆ ಹೇಳಿ ಸಂಸಾರವನ್ನು ಕೆಡಿಸಿಕೊಳ್ಳಬೇಕೇ ಎಂಬುದು ಅವರ ಪ್ರಶ್ನೆ. ತಿಳಿದವರು ವಿವರಿಸಬೇಕು.

ಉತ್ತರ: ನಿವೃತ್ತ ಸಭಾಪಾಲಕ

ಸಹೋದರಿಯವರೇ, ಆ ಕೀರ್ತನೆಯ ಶಿರೋನಾಮವನ್ನು ಮೊದಲು ನೋಡಿ. ದಾವೀದನು ಬತ್ಷೆಬೆಯೊಂದಿಗೆ ಪಾಪ ಮಾಡಿದ ಮೇಲೆ ಪ್ರವಾದಿಯಾದ ನಾತಾನನು ಬಂದು ಗದರಿಸಿದ ಸಂದರ್ಭಕ್ಕೆ ಅದು ಸೇರಿದೆ. ಅಷ್ಟು ಹೊತ್ತಿಗೆ ಆಕೆಯ ಗಂಡನಾದ ಊರೀಯನು ಸತ್ತಿದ್ದನು. ಅರಸನಾದ ದಾವೀದನ ಪತ್ರದ ಪ್ರಕಾರವೇ ಅವನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಲಾಗಿತ್ತು. ದಾವೀದನು ಹೋಗಿ ಕ್ಷಮೆ ಕೇಳಲು ಆ ಮನುಷ್ಯನೇ ಉಳಿದಿರಲಿಲ್ಲ. ನೆರೆಯವನಿಗೆ ಮಾಡಿದ ಅನ್ಯಾಯವೆಲ್ಲ ಕಟ್ಟಕಡೆಗೆ ದೇವರಿಗೆ ವಿರೋಧವಾದದ್ದು ಎಂಬುದನ್ನು ಆ ವಾಕ್ಯ ಹೇಳುತ್ತದೆಯೇ ಹೊರತು, ನೆರೆಯವನನ್ನು ಲೆಕ್ಕದಿಂದ ಬಿಟ್ಟುಬಿಡಲು ಅನುಮತಿ ಕೊಡುವುದಿಲ್ಲ. ಆ ಸಹೋದರಿಯ ನಾದಿನಿಯಾದರೋ ಬದುಕಿದ್ದಾಳೆ.

ಇವರ ಸಂಗತಿಗೆ ಇನ್ನೂ ಹತ್ತಿರವಾದದ್ದು ಯಾಜಕಕಾಂಡದ 6ನೇ ಅಧ್ಯಾಯದ ಆರಂಭ. ನಂಬಿ ಒಪ್ಪಿಸಿದ ವಸ್ತುವಿನ ವಿಷಯದಲ್ಲಿ ಮೋಸ ಮಾಡಿದವನು ಅದನ್ನು ಪೂರ್ತಿಯಾಗಿ ಹಿಂದಕ್ಕೆ ಕೊಟ್ಟು, ಐದನೆಯ ಒಂದು ಪಾಲನ್ನು ಹೆಚ್ಚಾಗಿ ಸೇರಿಸಬೇಕು. ಯಜ್ಞದ ಮಾತು ಅದಾದ ಮೇಲೆ ಬರುತ್ತದೆ. ಬಲಿಪೀಠದ ಬಳಿ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಎಂದು ಯೇಸು ಹೇಳಿದ್ದು ಇದೇ ಕ್ರಮವನ್ನು.

ಹಾಗೆಂದು ಹಿಂದಿರುಗಿಸುವುದು ಕ್ಷಮೆಗೆ ತೆರುವ ಬೆಲೆಯಲ್ಲ. ಸುಂಕದವನಾದ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಹೇಳುವ ಮುಂಚೆಯೇ ಯೇಸು ಅವನ ಮನೆಗೆ ಹೊರಟಾಗಿತ್ತು. ಕೃಪೆ ಮನೆಯೊಳಗೆ ಬಂದ ಮೇಲೆ ಅವನು ಲೆಕ್ಕದ ಪುಸ್ತಕವನ್ನು ಬಿಚ್ಚಿದನು. ನಮ್ಮ ಸಭೆಗಳಲ್ಲಿ ಕೃಪೆಯ ವಿಷಯವಾಗಿ ಧಾರಾಳವಾಗಿ ಬೋಧಿಸುತ್ತೇವೆ, ಲೆಕ್ಕದ ಪುಸ್ತಕದ ವಿಷಯವನ್ನು ಮಾತ್ರ ಜಾಣತನದಿಂದ ದಾಟುತ್ತೇವೆ ಎಂದು ನನಗೆ ಅನ್ನಿಸುತ್ತದೆ. 1517ರಲ್ಲಿ ಲೂಥರನು ಮಂಡಿಸಿದ 95 ಪ್ರಮೇಯಗಳಲ್ಲಿ ಮೊದಲನೆಯದೇ ವಿಶ್ವಾಸಿಗಳ ಜೀವಮಾನವೆಲ್ಲ ಪಶ್ಚಾತ್ತಾಪವಾಗಿರಬೇಕು ಎಂಬುದು. ಒಂದು ರಾತ್ರಿಯ ಕಣ್ಣೀರಿಗೆ ಅದು ಮುಗಿಯುವುದಿಲ್ಲ.

ಉತ್ತರ: ಉಪದೇಶಿ, ಮೈಸೂರು

ನಾನು ಕಥೋಲಿಕ. ಅಯ್ಯನವರ ಮಾತಿಗೆ ನನ್ನ ವಿರೋಧವಿಲ್ಲ, ಆದರೆ ಪ್ರಶ್ನೆಯಲ್ಲಿಯೂ ಉತ್ತರದಲ್ಲಿಯೂ ಒಬ್ಬರು ಬಿಟ್ಟುಹೋಗಿದ್ದಾರೆ. ನಾದಿನಿ ಬಂಗಾರ ಕಳೆದುಕೊಂಡಳು. ಕೆಲಸದಾಕೆ ಸಂಬಳವನ್ನೂ ಹೆಸರನ್ನೂ ಕಳೆದುಕೊಂಡಳು. ಕಳ್ಳಿ ಎನಿಸಿಕೊಂಡು ಬಿಡಿಸಲ್ಪಟ್ಟವಳನ್ನು ಅದೇ ಬೀದಿಯಲ್ಲಿ ಬೇರೆ ಯಾರು ಒಳಗೆ ಸೇರಿಸಿಕೊಳ್ಳುತ್ತಾರೆ?

ನಮ್ಮಲ್ಲಿ ಪಾಪನಿವೇದನೆಗೆ ಹೋಗುವವನು ಮೊದಲು ಆತ್ಮಶೋಧನೆ ಮಾಡಿಕೊಳ್ಳುತ್ತಾನೆ, ಆಮೇಲೆ ಜಾಲರಿಯ ಈಚೆ ಮೊಣಕಾಲೂರಿ, ಆಚೆ ಕುಳಿತ ಗುರುವಿಗೆ ಹಿಂದಿನ ನಿವೇದನೆಯಾಗಿ ಎಷ್ಟು ಕಾಲವಾಯಿತೆಂದು ತಿಳಿಸಿ, ಮಾಡಿದ್ದನ್ನು ಮಾಡಿದ ಹಾಗೆಯೇ ಬಾಯಿಬಿಟ್ಟು ಹೇಳುತ್ತಾನೆ. ಮನಸ್ಸಿನಲ್ಲಿಯೇ ಪ್ರಾರ್ಥಿಸುವಾಗ ‘ಮನೆಯಲ್ಲಿ ಒಂದು ತಪ್ಪಾಯಿತು’ ಎಂದರೆ ಸಾಗುತ್ತದೆ. ಕೇಳುವ ಕಿವಿಯೊಂದು ಎದುರಿಗಿದ್ದಾಗ ‘ನಾನು ಅಡವಿಟ್ಟೆ, ಅವಳನ್ನು ಬಿಡಿಸುವಾಗ ಸುಮ್ಮನಿದ್ದೆ’ ಎಂದೇ ಹೇಳಬೇಕಾಗುತ್ತದೆ. ಎರಡನೆಯ ವಾಕ್ಯವೇ ಹೆಚ್ಚು ಕಷ್ಟದ್ದು. ನಮ್ಮ ಕಥೋಲಿಕ ಸಭೆಯ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ವಿವೇಚನೆಯ ವಯಸ್ಸಿಗೆ ಬಂದ ಪ್ರತಿಯೊಬ್ಬನೂ ವರ್ಷಕ್ಕೆ ಒಮ್ಮೆಯಾದರೂ ನಿವೇದನೆ ಮಾಡಬೇಕೆಂದು ವಿಧಿಸಿತು, ಕೇಳಿದ ಗುರುವು ಅದನ್ನು ಯಾರಿಗೂ ಹೊರಗೆಡಹಬಾರದೆಂದೂ ಅದೇ ವಿಧಿಯಲ್ಲಿ ಕಟ್ಟುಮಾಡಿತು.

ಗುರುವಿನಿಂದ ಪಾಪವಿಮೋಚನೆ ದೊರೆತರೆ ಎಲ್ಲವೂ ಮುಗಿಯಿತೆಂದು ನಮ್ಮವರಲ್ಲಿಯೂ ಅನೇಕರು ಎಣಿಸುತ್ತಾರೆ. 1992ರಲ್ಲಿ ಪ್ರಕಟವಾದ ನಮ್ಮ ಧರ್ಮೋಪದೇಶ ಗ್ರಂಥದ 1459ನೇ ಪರಿಚ್ಛೇದವು ಅದನ್ನು ಒಪ್ಪುವುದಿಲ್ಲ: ಕದ್ದದ್ದನ್ನು ಹಿಂದಿರುಗಿಸುವುದರ ಜೊತೆಗೆ, ಅಪವಾದಕ್ಕೆ ಗುರಿಯಾದವರ ಒಳ್ಳೆಯ ಹೆಸರನ್ನು ಪುನಃ ಸ್ಥಾಪಿಸುವುದನ್ನೂ ಅದು ನ್ಯಾಯದ ಬೇಡಿಕೆಯೆಂದೇ ಹೇಳುತ್ತದೆ.

ಉತ್ತರ: ನಿವೃತ್ತ ಸಭಾಪಾಲಕ

ಉಪದೇಶಿಯವರು ಹೇಳಿದ್ದು ಸರಿಯಾಗಿದೆ. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ. ಕೇಳುವ ಕಿವಿ ಬೇಕೆಂಬುದು ಪ್ರೊಟೆಸ್ಟಂಟರಿಗೆ ಹೊರಗಿನದಲ್ಲ. ಲೂಥರನ ಕಡೆಯವರು ಮುಂದಿಟ್ಟ 1530ರ ಔಗ್ಸ್‌ಬರ್ಗ್ ವಿಶ್ವಾಸ ಪ್ರಮಾಣದ 11ನೇ ವಿಧಿಯು, ಪಾಪಗಳನ್ನೆಲ್ಲ ಒಂದೊಂದಾಗಿ ಎಣಿಸಿ ಹೇಳುವ ಅಗತ್ಯವಿಲ್ಲವೆಂದರೂ, ವೈಯಕ್ತಿಕ ಪಾಪವಿಮೋಚನೆಯನ್ನು, ಅಂದರೆ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಕ್ಷಮೆಯನ್ನು ಸಾರುವುದನ್ನು, ಸಭೆಗಳಲ್ಲಿ ಉಳಿಸಿಕೊಳ್ಳಬೇಕೆಂದೇ ಹೇಳಿತು. ಆಚರಣೆಯಲ್ಲಿ ನಾವು ಅದನ್ನು ಕಳೆದುಕೊಂಡೆವು. ಅದರಿಂದ ಲಾಭವಾಯಿತೆಂದು ನಾನು ಹೇಳಲಾರೆ.

ಉತ್ತರ: ಶಿವಮೊಗ್ಗದ ಓದುಗರು

ಹಿರಿಯರಿಬ್ಬರೂ ತತ್ವವನ್ನು ಹೇಳಿದ್ದಾರೆ, ನಾನು ಮನೆಯ ಮಾತು ಹೇಳುತ್ತೇನೆ. ದಯವಿಟ್ಟು ಆ ಸಹೋದರಿಯನ್ನು ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ಸಾಕ್ಷಿ ಹೇಳುವಂತೆ ಒತ್ತಾಯಿಸಬೇಡಿ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿ ಎಂದು ಯಾಕೋಬನ ಪತ್ರಿಕೆ ಹೇಳುವುದು ಪ್ರಾರ್ಥಿಸಿ ಸ್ವಸ್ಥತೆ ಹೊಂದುವುದಕ್ಕಾಗಿ, ಊರ ಬಾಯಿಗೆ ಸುದ್ದಿ ಒದಗಿಸುವುದಕ್ಕಾಗಿ ಅಲ್ಲ. ಮೊದಲು ಗಂಡನಿಗೆ ಹೇಳಲಿ. ಅವರು ಹೇಗೆ ತೆಗೆದುಕೊಳ್ಳುತ್ತಾರೋ ಎಂಬ ಭಯವಿದ್ದರೆ ಸಭಾಪಾಲಕರ ಹೆಂಡತಿಯವರನ್ನೋ ನಿಮ್ಮನ್ನೋ ಜೊತೆಗಿರಿಸಿಕೊಳ್ಳಲಿ. ನಾದಿನಿಯ ಮುಂದೆ ಹೇಳುವಾಗ ತವರಿನ ಕಷ್ಟದ ಕಥೆಯಿಂದ ಆರಂಭಿಸಬಾರದು, ಏಕೆಂದರೆ ಕೇಳುವವಳು ಕ್ಷಮಿಸಲೇಬೇಕಾದ ಇಕ್ಕಟ್ಟಿಗೆ ಅದರಿಂದ ಸಿಕ್ಕಿಬೀಳುತ್ತಾಳೆ. ಅವಳು ಕೂಡಲೇ ಕ್ಷಮಿಸದಿದ್ದರೆ ಅದೂ ಅವಳ ಹಕ್ಕು.

ಪ್ರಶ್ನೆ ಕೇಳಿದವರು: ವೇದಪಾಠದ ಅಕ್ಕ

ತುಂಬಾ ಉಪಕಾರವಾಯಿತು. ಉತ್ತರಗಳನ್ನು ಅವರಿಗೆ ಓದಿ ಹೇಳಿದೆ. ಹೇಳಲು ಒಪ್ಪಿದ್ದಾರೆ. ಕೆಲಸದಾಕೆ ಈಗ ಬೇರೆ ಊರಿನಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಉಳಿದದ್ದು ಎರಡು ಸಂದೇಹ: ಬೆಳೆ ಹಬ್ಬದಲ್ಲಿ ಕೊಟ್ಟ ಹಣವನ್ನು ಇದರಲ್ಲಿ ಕಳೆಯಬಹುದೇ? ಸರದ ಬೆಲೆಯನ್ನು ಅಂದಿನ ದರದಲ್ಲಿ ಕೊಡಬೇಕೇ, ಇಂದಿನ ದರದಲ್ಲಿಯೇ?

ಉತ್ತರ: ನಿವೃತ್ತ ಸಭಾಪಾಲಕ

ಮೊದಲನೆಯದಕ್ಕೆ ಅರಣ್ಯಕಾಂಡದ 5ನೇ ಅಧ್ಯಾಯದಲ್ಲಿ ನೇರವಾದ ಉತ್ತರವಿದೆ. ನಷ್ಟಪಟ್ಟವನೂ ಅವನ ಸಮೀಪ ಬಂಧುವೂ ಇಲ್ಲದಿದ್ದಾಗ ಮಾತ್ರ ಆ ಹಣ ಕರ್ತನಿಗೆ, ಅಂದರೆ ಯಾಜಕನಿಗೆ ಸೇರುತ್ತದೆ. ಇಲ್ಲಿ ಹಕ್ಕುದಾರಳು ಇರುವುದರಿಂದ ಹಲಸಿನ ಹಣ್ಣಿನ ಹಣ ಸಭೆಗೆ ಕೊಟ್ಟ ಕಾಣಿಕೆ ಮಾತ್ರ. ಸಾಲ ಹಾಗೆಯೇ ಇದೆ.

ಎರಡನೆಯದಕ್ಕೆ ನನ್ನ ಅಭಿಪ್ರಾಯವೇನೆಂದರೆ, ತೆಗೆದದ್ದು ರೂಪಾಯಿಯಲ್ಲ, ಬಂಗಾರ; ಆದ್ದರಿಂದ ತೂಕಕ್ಕೆ ತೂಕ ಕೊಡುವುದು ನ್ಯಾಯ. ಐದು ಪವನಿಗೆ ಐದನೆಯ ಒಂದು ಪಾಲೆಂದರೆ ಇನ್ನೊಂದು ಪವನು. ಒಂದೇ ಸಲಕ್ಕೆ ಆಗದಿದ್ದರೆ ನಾದಿನಿಯ ಒಪ್ಪಿಗೆ ಪಡೆದು, ಚೀಟಿ ಕಟ್ಟಿಯಾದರೂ ಪವನು ಪವನಾಗಿ ತೀರಿಸಲಿ. ನಾದಿನಿಯೇ ಬೇಡವೆಂದು ಬಿಟ್ಟುಕೊಟ್ಟರೆ ಅದು ಬೇರೆ ಮಾತು, ಆದರೆ ಆ ಸೂಚನೆ ಇವರ ಕಡೆಯಿಂದ ಬರಬಾರದು.

ಕೆಲಸದಾಕೆಗೆ ಬಿಟ್ಟುಹೋದ ಸಂಬಳವನ್ನು ಲೆಕ್ಕ ಹಾಕಿ ಕೊಡಬಹುದು. ಹೆಸರಿಗೆ ಅಂಥ ಲೆಕ್ಕವಿಲ್ಲ. ಆ ಊರಿಗೆ ಗಂಡಹೆಂಡತಿ ಇಬ್ಬರೂ ಹೋಗಿ ಮಗಳ ಎದುರಿಗೇ ಹೇಳಬೇಕು, ಹಿಂದೆ ಆಕೆಯನ್ನು ಕಳ್ಳಿಯೆಂದು ಕೇಳಿಸಿಕೊಂಡ ನೆರೆಮನೆಗಳಿಗೂ ನಿಜವನ್ನು ತಿಳಿಸಬೇಕು. ಇದನ್ನು ನಾದಿನಿಯ ಸಾಲ ತೀರುವ ತನಕ ಮುಂದೂಡಬಾರದು. ಇದಕ್ಕೆ ಹಣ ಕೂಡಿಡುವ ಅಗತ್ಯವಿಲ್ಲ.