ಬಿಳಿ ರಕ್ತಕಣ 42,000 ಇರುವಾಗ ಉಳಿದ ಕಣಗಳೇಕೆ ಇಳಿದಿವೆ?

ಪ್ರಶ್ನೆ: ಮಂಡ್ಯದಿಂದ

ನನ್ನ ಅಕ್ಕನಿಗೆ ಮೂರು ವಾರಗಳಿಂದ ಜ್ವರ, ಸುಸ್ತು ಇತ್ತು; ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತಿತ್ತು. ಪ್ಲೇಟ್‌ಲೆಟ್ 18,000ಕ್ಕೆ ಇಳಿದಿದ್ದರಿಂದ ನಾವೆಲ್ಲ ಡೆಂಗಿ ಎಂದೇ ತಿಳಿದಿದ್ದೆವು. ಮೈಸೂರಿನಲ್ಲಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಪರೀಕ್ಷಿಸಿದ ಮೇಲೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್, ಎಂದು ತಿಳಿಯಿತು. ಹಿಮೋಗ್ಲೋಬಿನ್ 6.8, ಬಿಳಿ ರಕ್ತಕಣ 42,000 ಇದೆ. ಗದ್ದೆಯಲ್ಲಿ ಕಳೆ ತುಂಬಿ ಪೈರಿಗೆ ಜಾಗವಿಲ್ಲದಂತಾಗಿದೆ ಎಂದು ವೈದ್ಯರು ವಿವರಿಸಿದರು. ಜಾಗ ಸಾಲದಿರುವುದೊಂದೇ ಕಾರಣವೇ? ಇಷ್ಟೊಂದು ಬಿಳಿ ಕಣಗಳಿದ್ದರೂ ಸೋಂಕಿನ ಭಯವಿದೆ ಎನ್ನುತ್ತಾರಲ್ಲ, ಅದು ಹೇಗೆ? ನೆಂಟರು ದಿನವೂ ಪಪ್ಪಾಯಿ ಎಲೆಯ ರಸ ತಂದುಕೊಡುತ್ತಿದ್ದಾರೆ, ಅದನ್ನು ಕುಡಿಸಬಹುದೇ?

ಉತ್ತರ 1: ಮೈಸೂರಿನಿಂದ, ರೋಗಶಾಸ್ತ್ರದ ನಿವೃತ್ತ ಅಧ್ಯಾಪಕ

ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಆ 42,000ದಲ್ಲಿ ಬಹುಪಾಲು ಬ್ಲಾಸ್ಟ್‌ಗಳು, ಅಂದರೆ ಬಲಿಯದೆ ಎಳೆಯ ಹಂತದಲ್ಲೇ ನಿಂತುಹೋದ ಕಣಗಳು, ಇರುವ ಸಾಧ್ಯತೆಯೇ ಹೆಚ್ಚು. ಅವು ಎಣಿಕೆಗೆ ಸೇರುತ್ತವೆಯೇ ಹೊರತು ರೋಗಾಣುಗಳೊಡನೆ ಹೋರಾಡಲಾರವು. ಆದ್ದರಿಂದ ವರದಿಯಲ್ಲಿ ಒಟ್ಟು ಸಂಖ್ಯೆಯ ಬದಲು ನ್ಯೂಟ್ರೋಫಿಲ್‌ಗಳ, ಅಂದರೆ ರೋಗಾಣುಗಳೊಡನೆ ಹೋರಾಡುವ ಬಲಿತ ಬಿಳಿ ಕಣಗಳ, ಸಂಖ್ಯೆಯನ್ನು ನೋಡಿ. ಅದು 500ಕ್ಕಿಂತ ಕಡಿಮೆಯಿದ್ದರೆ ಸೋಂಕಿನ ಅಪಾಯ ಬಹಳ.

ಕಳೆಯ ಹೋಲಿಕೆ ಸರಿಯಾದುದೇ, ಆದರೆ ಅದು ಅರ್ಧವನ್ನಷ್ಟೇ ಹೇಳುತ್ತದೆ. ಆರೋಗ್ಯವಂತರ ಮಜ್ಜೆಯಲ್ಲಿ ಬ್ಲಾಸ್ಟ್‌ಗಳು ಶೇ. 5ಕ್ಕಿಂತ ಕಡಿಮೆ ಇರುತ್ತವೆ, ಸಾಮಾನ್ಯವಾಗಿ ಶೇ. 20 ಮುಟ್ಟಿದಾಗ ಈ ರೋಗವೆಂದು ನಿರ್ಧರಿಸುತ್ತಾರೆ. ಜಾಗದ ಕೊರತೆಯೊಂದೇ ಕಾರಣವಾಗಿದ್ದರೆ, ಮಜ್ಜೆ ಇನ್ನೂ ತುಂಬದಿರುವ ರೋಗಿಗಳಲ್ಲಿ ರಕ್ತಕಣಗಳು ಅಷ್ಟು ಕುಸಿಯಬೇಕಾಗಿರಲಿಲ್ಲ. ಆದರೆ ಅವರಲ್ಲೂ ಕುಸಿಯುತ್ತವೆ. ಲ್ಯುಕೇಮಿಯಾದ ಕಣಗಳು ಮಜ್ಜೆಯ ಪೋಷಕ ಕಣಗಳನ್ನೂ ಅಲ್ಲಿನ ರಾಸಾಯನಿಕ ಸಂಕೇತಗಳನ್ನೂ ಬದಲಿಸಿ, ಸಹಜ ಕಾಂಡಕೋಶಗಳು (ಎಲ್ಲ ರಕ್ತಕಣಗಳಿಗೂ ಮೂಲವಾದ ಕಣಗಳು) ಮುಂದಿನ ಹಂತಕ್ಕೆ ಬೆಳೆಯದಂತೆ ತಡೆಹಿಡಿಯುತ್ತವೆ. ಆ ಕಾಂಡಕೋಶಗಳು ನಾಶವಾಗಿರುವುದಿಲ್ಲ, ಸುಪ್ತವಾಗಿರುತ್ತವೆ. ಚಿಕಿತ್ಸೆಯಿಂದ ಬ್ಲಾಸ್ಟ್‌ಗಳು ತೊಲಗಿದ ಮೇಲೆ ರಕ್ತಕಣಗಳು ತಾವಾಗಿ ಮರಳುವುದು ಅದರಿಂದಲೇ. ನಿಮ್ಮ ಅಕ್ಕನವರಿಗೆ ಇದನ್ನು ತಪ್ಪದೆ ತಿಳಿಸಿ.

ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಪ್ಲೇಟ್‌ಲೆಟ್‌ನದು 7ರಿಂದ 10 ದಿನ, ನ್ಯೂಟ್ರೋಫಿಲ್‌ನದು ಬಹಳ ಅಲ್ಪ. ಹೀಗಾಗಿ ಉತ್ಪಾದನೆ ನಿಂತರೆ ರಕ್ತಸ್ರಾವ ಮತ್ತು ಸೋಂಕು ಬೇಗ ಕಾಣಿಸಿಕೊಳ್ಳುತ್ತವೆ.

ಉತ್ತರ 2: ಮೈಸೂರಿನಿಂದ, ರಕ್ತರೋಗ ವಿಭಾಗದ ಶುಶ್ರೂಷಕಿ

ಪಪ್ಪಾಯಿ ರಸ ಬೇಡ. ಇಲ್ಲಿ ಪ್ಲೇಟ್‌ಲೆಟ್ ತಯಾರಾಗುವ ಮಜ್ಜೆಯೇ ಕೆಟ್ಟಿದೆ, ರಸದಿಂದ ಅದು ಸರಿಹೋಗುವುದಿಲ್ಲ. ನ್ಯೂಟ್ರೋಫಿಲ್ ಕಡಿಮೆಯಿರುವವರಿಗೆ ಕಾಯಿಸದ ಹಸಿ ರಸದಿಂದ ಸೋಂಕು ತಗಲುವ ಸಂಭವವೂ ಇದೆ. ನೆಂಟರ ಪ್ರೀತಿಯನ್ನು ನಾನು ಬಲ್ಲೆ. ಅವರನ್ನು ರಕ್ತದಾನಕ್ಕೆ ಕರೆತನ್ನಿ, ಅದರಿಂದ ನಿಜವಾಗಿಯೂ ಉಪಯೋಗವಾಗುತ್ತದೆ.

ಕೀಮೋಥೆರಪಿ ಶುರುವಾದ ಮೇಲೆ ಕಣಗಳು ಇನ್ನಷ್ಟು ಇಳಿಯುತ್ತವೆ. ಆಗ ರೋಗ ಉಲ್ಬಣಿಸಿತೆಂದು ಗಾಬರಿಯಾಗಬೇಡಿ. ಔಷಧಿ ಮಜ್ಜೆಯನ್ನು ಬರಿದು ಮಾಡುವುದರಿಂದ ಹಾಗಾಗುತ್ತದೆ, ಚೇತರಿಕೆಗೆ ಸಾಮಾನ್ಯವಾಗಿ ಮೂರು ನಾಲ್ಕು ವಾರ ಹಿಡಿಯುತ್ತದೆ. ಆ ಅವಧಿಯಲ್ಲಿ ರಕ್ತಸ್ರಾವವಿಲ್ಲದಿದ್ದರೂ ಪ್ಲೇಟ್‌ಲೆಟ್ 10,000ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಹೊರಗಿನಿಂದ ಕೊಡುತ್ತಾರೆ. ಮನೆಯಲ್ಲಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ, ಅದು ಮಧ್ಯರಾತ್ರಿಯೇ ಆಗಿರಲಿ, ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ಉತ್ತರ 3: ಉತ್ತರ 1ರ ಲೇಖಕರಿಂದ

ಒಂದು ಮಾತು ಬಿಟ್ಟುಹೋಗಿತ್ತು. ಪ್ರೋಮೈಲೋಸೈಟಿಕ್ ಎಂಬ ಉಪಬಗೆಯಲ್ಲಿ ರಕ್ತನಾಳಗಳೊಳಗೇ ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್‌ಗಳು ಖರ್ಚಾಗಿಬಿಡುತ್ತವೆ, ಆದ್ದರಿಂದ ರಕ್ತಸ್ರಾವ ಜೋರಾಗಿರುತ್ತದೆ. ಅದಕ್ಕೆ ಬೇರೆಯೇ ಔಷಧಿಗಳಿವೆ ಮತ್ತು ಅವುಗಳನ್ನು ತಡಮಾಡದೆ ಆರಂಭಿಸಬೇಕು. ಉಪಬಗೆ ಯಾವುದೆಂದು ಇಂದೇ ವಿಚಾರಿಸಿ.

ಪ್ರಶ್ನೆ ಕೇಳಿದವರಿಂದ

ವಿಚಾರಿಸಿದೆ ಸರ್, ಪ್ರೋಮೈಲೋಸೈಟಿಕ್ ಅಲ್ಲವಂತೆ. ನ್ಯೂಟ್ರೋಫಿಲ್ 400 ಇದೆ. ಪಪ್ಪಾಯಿ ರಸ ನಿಲ್ಲಿಸಿದ್ದೇವೆ. ಊರಿನಿಂದ ಆರು ಜನ ರಕ್ತ ಕೊಡಲು ನಾಳೆ ಬೆಳಗಿನ ರೈಲಿಗೆ ಮೈಸೂರಿಗೆ ಬರುತ್ತಿದ್ದಾರೆ.