ಪದಚರ್ಚೆ: ರೈಬೋಟಾಕ್ಸಿನ್‌ಗೆ ‘ಶಿಲೀಂಧ್ರವಿಷ’ ಎನ್ನಬಹುದೇ?

ಮಾನ್ಯರೇ,

ತೆಂಗಿನ ನುಸಿಪೀಡೆಯ ಜೈವಿಕ ಹತೋಟಿ ಕುರಿತ ಕೈಪಿಡಿಯೊಂದು ಉಡುಪಿ ಕಡೆಯ ಕೃಷಿಕರಿಗಾಗಿ ಸಿದ್ಧವಾಗುತ್ತಿದೆ. ಅದರಲ್ಲಿ ಹಿರ್ಸುಟೆಲ್ಲಾ ಥಾಂಪ್ಸೊನೈ ಎಂಬ ಶಿಲೀಂಧ್ರ ಸ್ರವಿಸುವ ರೈಬೋಟಾಕ್ಸಿನ್‌ನ (ಜೀವಕೋಶದಲ್ಲಿ ಪ್ರೋಟೀನ್ ಹೆಣೆಯುವ ರೈಬೋಸೋಮಿನ ಕೆಲಸ ನಿಲ್ಲಿಸುವ ವಿಷ ಪ್ರೋಟೀನ್) ಪ್ರಸ್ತಾಪ ಉಂಟು. ಕರಡಿನಲ್ಲಿ ಮೂರು ಪದ ಓಡಾಡುತ್ತಿವೆ: ಶಿಲೀಂಧ್ರವಿಷ, ಬೂಸ್ಟುನಂಜು, ರೈಬೋಸೋಮ್ ನಾಶಕ ಪ್ರೋಟೀನ್. ಯಾವುದನ್ನು ಉಳಿಸಬೇಕು? ‘ಫಿಲಮೆಂಟಸ್ ಫಂಗೈ’ಗೆ ‘ತಂತುಶಿಲೀಂಧ್ರ’ ಸಾಕೇ?

ಉತ್ತರ:

ಕೃಷಿಕರ ಕೈಪಿಡಿಯಲ್ಲಿ ‘ಶಿಲೀಂಧ್ರವಿಷ’ ಅಪಾಯದ ಪದ. ಹಾವಿನ ವಿಷ ಎಂದರೆ ಹಾವಿನದು, ಇಲಿವಿಷ ಎಂದರೆ ಇಲಿಗೆ ಇಡುವುದು. ಸಮಾಸದೊಳಗೆ ಎರಡಕ್ಕೂ ಜಾಗವಿದೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವರಿಗೆ ಇದು ಸೀದಾ ಶಿಲೀಂಧ್ರ ಕೊಲ್ಲುವ ಬೋರ್ಡೋ ದ್ರಾವಣವನ್ನೇ ನೆನಪಿಸುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೆರೆಸಿದ ಆ ಮದ್ದು ಹಿರ್ಸುಟೆಲ್ಲಾವನ್ನೂ ಕೊಲ್ಲುತ್ತದೆ. ಪದ ತಪ್ಪಿ ಓದಿ ಎರಡನ್ನೂ ಒಟ್ಟಿಗೆ ಸಿಂಪಡಿಸಿದರೆ ನುಸಿ ಉಳಿಯುತ್ತದೆ, ದುಡ್ಡು ಹೋಗುತ್ತದೆ.

‘ನಂಜು’ ಕೇಳಲು ಚೆಂದ. ಆದರೆ ನಮ್ಮಲ್ಲಿ ಗಾಯ ಕೀವಾದರೂ ನಂಜು, ಬದನೆ, ಸಿಗಡಿ ತಿಂದು ಮೈ ತುರಿಸಿದರೂ ನಂಜು. ಜೊತೆಗೆ ‘ಬೂಸ್ಟು’ ಸೇರಿದರೆ ಓದುವವರ ಮನಸ್ಸು ಬೂಸ್ಟು ಹಿಡಿದ ಕೊಬ್ಬರಿ, ಶೇಂಗಾದಲ್ಲಿ ಸೇರುವ ಅಫ್ಲಟಾಕ್ಸಿನ್ ಎಂಬ ವಿಷದ ಕಡೆಗೆ ಹೊರಳುತ್ತದೆ. ಅಫ್ಲಟಾಕ್ಸಿನ್ ಪ್ರೋಟೀನೇ ಅಲ್ಲ, ಚಿಕ್ಕ ಅಣು. ಅದು ಯಕೃತ್ತಿಗೆ ಹಾನಿ ಮಾಡುವ ದಾರಿಯೂ ಬೇರೆ. ‘ಬೂಸ್ಟುನಂಜು’ ಎಂಬುದನ್ನು ಅಫ್ಲಟಾಕ್ಸಿನ್ ಕುಟುಂಬಕ್ಕೇ ಬಿಟ್ಟುಕೊಡೋಣ.

ಮೂರನೆಯದು ಹತ್ತಿರ ಬಂದಿದೆ, ‘ನಾಶಕ’ ಒಂದು ಮಾತ್ರ ಬದಲಾಗಬೇಕು. ಏಕೆಂದರೆ ರೈಬೋಸೋಮ್ ಪುಡಿಯಾಗುವುದಿಲ್ಲ. ಈ ಗುಂಪಿನ ಹಿರಿಯ ಆಲ್ಫಾ-ಸಾರ್ಸಿನ್ ಅನ್ನೇ ನೋಡಿ. ಆಸ್ಪರ್ಜಿಲಸ್ ಜೈಗಾಂಟಿಯಸ್ ಎಂಬ ಶಿಲೀಂಧ್ರದ್ದು, ಮೂಲ ಅಮೆರಿಕದ ಮಿಶಿಗನ್‌ನ ಹೊಲದ ಮಣ್ಣು, ವರದಿಯಾದದ್ದು 1965ರಲ್ಲಿ. 150 ಅಮೈನೋ ಆಮ್ಲಗಳ ಪುಟ್ಟ ಕಿಣ್ವ. ಇಲಿಯ ರೈಬೋಸೋಮಿನ 28ಎಸ್ ಎಂಬ ಆರ್‌ಎನ್‌ಎ ಎಳೆಯಲ್ಲಿ ಸುಮಾರು 4,700 ಕೊಂಡಿಗಳಿವೆ (ನ್ಯೂಕ್ಲಿಯೋಟೈಡ್‌ಗಳು). ಅದರಲ್ಲಿ 4325ನೆಯ ಗ್ವಾನಿನ್ ಮತ್ತು 4326ನೆಯ ಅಡೆನಿನ್ ನಡುವಿನ ಒಂದೇ ಒಂದು ಬಂಧವನ್ನು ಇದು ಕತ್ತರಿಸುತ್ತದೆ. ಈ ಜಾಗವನ್ನು 1982ರಲ್ಲಿ ಎಂಡೊ ಮತ್ತು ವೂಲ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ರೈಬೋಸೋಮ್ ನೋಡಲು ಇಡಿಯಾಗಿಯೇ ಇರುತ್ತದೆ. ಪ್ರೋಟೀನ್ ಹೆಣೆಯಲು ನೆರವಾಗುವ ಅಂಶಗಳು ಅದಕ್ಕೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ, ಅಲ್ಲಿಗೆ ಕೆಲಸ ನಿಂತಿತು. ಹಾಗಾಗಿ ‘ರೈಬೋಸೋಮ್ ನಿಷ್ಕ್ರಿಯಕ ಪ್ರೋಟೀನ್’ ಎನ್ನಿ.

ಇದು ದೊಡ್ಡ ಗುಂಪಿನ ಹೆಸರು ಎಂಬುದೂ ನೆನಪಿರಲಿ. ಹರಳುಬೀಜದ ರೈಸಿನ್, ಗುಲಗಂಜಿಯ ಅಬ್ರಿನ್ ಇದೇ ಗುಂಪಿನವು. ಅವುಗಳಿಗೂ ಶಿಲೀಂಧ್ರದವಕ್ಕೂ ಕ್ರಿಯಾಪದ ಬೇರೆ ಇಡಬೇಕು. ರೈಸಿನ್ ಪಕ್ಕದ 4324ನೆಯ ಅಡೆನಿನ್ನನ್ನು ‘ಕಳಚುತ್ತದೆ’, ಎಳೆ ತುಂಡಾಗುವುದಿಲ್ಲ. ರೈಬೋಟಾಕ್ಸಿನ್ ಎಳೆಯನ್ನೇ ‘ಕತ್ತರಿಸುತ್ತದೆ’. ಪ್ರಯೋಗಾಲಯದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೊಲದ ಎಳೆಯ ಕೆಂಪುರಕ್ತಕಣದ ಸಾರಕ್ಕೆ ವಿಷ ಬೆರೆಸಿ, ಆರ್‌ಎನ್‌ಎ ಬೇರ್ಪಡಿಸಿ, ತುಣುಕುಗಳನ್ನು ಗಾತ್ರದಂತೆ ವಿಂಗಡಿಸುವ ಜೆಲ್ ಮೇಲೆ ಓಡಿಸಿದರೆ, ರೈಬೋಟಾಕ್ಸಿನ್‌ನದ್ದಾದರೆ ಸುಮಾರು 400 ಕೊಂಡಿಗಳ ‘ಆಲ್ಫಾ ತುಣುಕು’ ಪ್ರತ್ಯೇಕ ಪಟ್ಟಿಯಾಗಿ ಇಳಿಯುತ್ತದೆ. ರೈಸಿನ್‌ನದ್ದಾದರೆ ಮೊದಲು, ಅಡೆನಿನ್ ಕಳಚಿದ ಜಾಗದಲ್ಲಿ ಎಳೆ ತುಂಡರಿಸುವ ಅನಿಲಿನ್ ಎಂಬ ರಾಸಾಯನಿಕ ಹಾಕಬೇಕು, ಇಲ್ಲದಿದ್ದರೆ ಪಟ್ಟಿ ಏಳುವುದಿಲ್ಲ. ಪಟ್ಟಿಯ ಬದಲು ಉದ್ದಕ್ಕೂ ಮಸಿ ಬಳಿದಂತೆ ಕಂಡರೆ ಬೇರೆ ಆರ್‌ಎನ್‌ಏಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ಸೇರಿಕೊಂಡಿರಬಹುದು, ಇಲ್ಲವೇ ವಿಷದ ಪ್ರಮಾಣ ಹೆಚ್ಚಾಗಿರಬಹುದು. ರೈಬೋಸೋಮಿನಿಂದ ಹೊರತೆಗೆದ ಬರಿಯ ಆರ್‌ಎನ್‌ಎಗೆ ಹೆಚ್ಚು ಸಾರ್ಸಿನ್ ಸುರಿದರೆ ಅದು ಸಿಕ್ಕಸಿಕ್ಕ ಪ್ಯೂರಿನ್‌ಗಳ (ಅಡೆನಿನ್, ಗ್ವಾನಿನ್) ಬಳಿಯಲ್ಲೆಲ್ಲ ಕತ್ತರಿಸುತ್ತದೆ.

ಇನ್ನೊಂದು ವ್ಯತ್ಯಾಸ ಕೈಪಿಡಿಗೆ ಮುಖ್ಯ. ರೈಸಿನ್‌ಗೆ ಜೀವಕೋಶದ ಹೊರಮೈಯ ಸಕ್ಕರೆಯನ್ನು ಹಿಡಿಯುವ ಎರಡನೆಯ ಸರಪಳಿ ಉಂಟು, ರೈಬೋಟಾಕ್ಸಿನ್‌ಗೆ ಇಲ್ಲ. ಆರೋಗ್ಯವಂತ ಜೀವಕೋಶದೊಳಗೆ ಇದು ನುಗ್ಗುವುದು ಕಷ್ಟ. ವೈರಸ್ ಹೊಕ್ಕು ಅಥವಾ ಗೆಡ್ಡೆಯಾಗಿ ಪೊರೆ ಬದಲಾದ ಕೋಶಗಳೊಳಗೆ ಸುಲಭ. ಆದ್ದರಿಂದ ‘ರೈಸಿನ್‌ನಂಥ ವಿಷ’ ಎಂದು ಬರೆದು ಓದುಗರನ್ನು ಬೆಚ್ಚಿಬೀಳಿಸಬೇಡಿ. ಹಾಗೆಂದು ‘ಪೂರ್ತಿ ನಿರುಪದ್ರವಿ’ ಎನ್ನುವಂತೆಯೂ ಇಲ್ಲ: ಆಸ್ಪರ್ಜಿಲಸ್ ಫ್ಯುಮಿಗೇಟಸ್‌ನ ರೈಬೋಟಾಕ್ಸಿನ್ ಮನುಷ್ಯರಿಗೆ ಅಲರ್ಜಿ ತರುವ ಪ್ರೋಟೀನ್ ಎಂದು ಚೆನ್ನಾಗಿ ಗೊತ್ತಿರುವುದೇ.

ಹಿರ್ಸುಟೆಲ್ಲಾದ ಪ್ರೋಟೀನಿನ ಹೆಸರು ಹಿರ್ಸುಟೆಲ್ಲಿನ್-ಎ, 130 ಅಮೈನೋ ಆಮ್ಲ. ಅದನ್ನು ಹೆಸರಿನಿಂದಲೇ ಕರೆಯಿರಿ, ಮೊದಲ ಸಲ ಬಂದಾಗ ‘ಶಿಲೀಂಧ್ರ ಸ್ರವಿಸುವ, ರೈಬೋಸೋಮಿನ ಕೆಲಸ ನಿಲ್ಲಿಸುವ ಪ್ರೋಟೀನ್ (ರೈಬೋಟಾಕ್ಸಿನ್)’ ಎಂದು ಬಿಡಿಸಿ, ಆಮೇಲೆ ರೈಬೋಟಾಕ್ಸಿನ್ ಎಂದೇ ಸಾಗಿ. ಕರಡಿನ ‘ವಿಷವನ್ನು ಸಿಂಪಡಿಸಬೇಕು’ ಎಂಬ ವಾಕ್ಯವನ್ನು ತೆಗೆಯಲೇಬೇಕು. ಸಿಂಪಡಿಸುವುದು ಜೀವಂತ ಶಿಲೀಂಧ್ರವನ್ನು. ಅದು ನುಸಿಯ ಮೈಯೊಳಗೆ ಬೆಳೆಯಬೇಕು, ಅದಕ್ಕೆ ತೇವ ಬೇಕು. ನುಸಿ ಅಡಗಿರುವುದು ಎಳೆಗಾಯಿಯ ತೊಟ್ಟಿನ ಬುಡದ ಎಸಳುಗಳ ಅಡಿಯಲ್ಲಾದ್ದರಿಂದ ದ್ರಾವಣ ಅಲ್ಲಿಗೇ ತಲುಪಬೇಕು. ಗರಿ ತೊಯ್ಯಿಸಿದರೆ ಪ್ರಯೋಜನವಿಲ್ಲ.

‘ತಂತುಶಿಲೀಂಧ್ರ’ ತಪ್ಪಲ್ಲ. ಕೃಷಿಕರಿಗೆ ‘ಎಳೆ ಶಿಲೀಂಧ್ರ’ ಬೇಗ ಹತ್ತುತ್ತದೆ, ಯೀಸ್ಟ್‌ನಿಂದ ಬೇರೆ ಎಂಬುದೂ ಅದರಲ್ಲೇ ಬಂತು. ಅಡಿಕೆ ಕೊಳೆರೋಗದ ಫೈಟಾಫ್ಥೊರಾವನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅದಕ್ಕೂ ಎಳೆಗಳಿವೆ, ಆದರೆ ಅದು ನಿಜವಾದ ಶಿಲೀಂಧ್ರವಲ್ಲ.