ಬಿ ಬ್ಲಾಕಿನ ನೀರಿನ ಟ್ಯಾಂಕಿನ ಅಡಿಯ ಹೆಜ್ಜೇನು: ಮುಂದೇನು ಮಾಡೋಣ?

ಸಂಘದ ಕಾರ್ಯದರ್ಶಿ:
ನಿವಾಸಿಗಳೆಲ್ಲರಿಗೂ ನಮಸ್ಕಾರ. ಬಿ ಬ್ಲಾಕಿನ ನೀರಿನ ಟ್ಯಾಂಕಿನ ಅಡಿಯಲ್ಲಿ ಕಟ್ಟಿರುವ ಜೇನು ಇಂದು ಬೆಳಿಗ್ಗೆ ಎದ್ದು, ಹುಲ್ಲು ಕತ್ತರಿಸುತ್ತಿದ್ದ ತೋಟದ ಕೆಲಸಗಾರರೊಬ್ಬರಿಗೂ ಅದೇ ಹೊತ್ತಿಗೆ ಗೇಟಿನತ್ತ ನಡೆದುಹೋಗುತ್ತಿದ್ದ ಇಬ್ಬರು ನಿವಾಸಿಗಳಿಗೂ ಕಚ್ಚಿದೆ. ಮೂವರೂ ಚಿಕಿತ್ಸೆ ಪಡೆದು ಮನೆಗೆ ಮರಳಿದ್ದಾರೆ. ಗೂಡಿನ ವಿಷಯವನ್ನು ನಾಳೆ ಸಂಜೆಯೊಳಗೆ ತೀರ್ಮಾನಿಸಬೇಕಾಗಿದೆ. ಗಾಬರಿ ಹುಟ್ಟಿಸುವ ವಿಡಿಯೊಗಳನ್ನು ಹಂಚುವ ಬದಲು ತಾವು ಕಂಡದ್ದನ್ನು ಕಂಡ ಹಾಗೆ ಬರೆಯಬೇಕೆಂದು ವಿನಂತಿ.

ಬಿ ಬ್ಲಾಕ್, ಮೇಲಿನ ಮಹಡಿಯ ನಿವಾಸಿ:
ಕಾರ್ಯದರ್ಶಿಗಳೇ, ಇದರಲ್ಲಿ ತೀರ್ಮಾನಿಸುವುದೇನಿದೆ? ರಾತ್ರಿ ದೀಪ ಹಾಕಿದರೆ ನೊಣಗಳು ಅಡುಗೆಮನೆಯೊಳಗೆ ನುಗ್ಗುತ್ತವೆ, ಒಣಹಾಕಿದ ಬಟ್ಟೆಯ ಮೇಲೆಲ್ಲ ಹಳದಿ ಹನಿಗಳು ಬೀಳುತ್ತಿವೆ. ಕೀಟನಾಶಕ ಸಿಂಪಡಿಸುವವರನ್ನು ನಾಳೆಯೇ ಕರೆಸಿ ಮುಗಿಸಿಬಿಡಿ.

ಎ ಬ್ಲಾಕ್, ಜೇನು ಸಾಕಿದ ಅನುಭವವಿರುವ ನಿವಾಸಿ:
ಕೀಟನಾಶಕದ ಮಾತನ್ನು ದಯವಿಟ್ಟು ಕೈಬಿಡೋಣ. ಮಧ್ಯಾಹ್ನ ನಮ್ಮ ತಾರಸಿಯಿಂದ ಬೈನಾಕ್ಯುಲರ್ ಹಿಡಿದು ನೋಡಿದೆ. ಕಾಂಕ್ರೀಟಿಗೆ ಅಂಟಿಕೊಂಡು ಜೋತುಬಿದ್ದಿರುವುದು ಸುಮಾರು ಒಂದು ಮೀಟರ್ ಅಗಲದ ಒಂದೇ ಎರಿ. ಆದ್ದರಿಂದ ಇದು ಪೆಟ್ಟಿಗೆಯಲ್ಲಿ ಸಾಕುವ ತುಡುವೆಯೂ ಅಲ್ಲ, ಪೊದೆಗಳಲ್ಲಿ ಅಂಗೈಯಗಲದ ಎರಿ ಕಟ್ಟುವ ಕೋಲುಜೇನೂ ಅಲ್ಲ, ಹೆಜ್ಜೇನೇ. ತುಡುವೆ ಪೊಟರೆಯ ಕತ್ತಲಲ್ಲಿ ಮರೆಯಾಗಿ ಬದುಕುತ್ತದೆ. ಹೆಜ್ಜೇನಿಗೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಮೊಟ್ಟೆ, ಮರಿ, ತುಪ್ಪ ಎಲ್ಲವೂ ಬಯಲಿನಲ್ಲೇ ಇರುವುದರಿಂದ ಕೆಲಸಗಾರ ನೊಣಗಳು ಒಂದರ ಮೇಲೊಂದು ಕುಳಿತು ತಮ್ಮ ಮೈಯಿಂದಲೇ ಎರಿಯನ್ನು ಮುಚ್ಚಿಕೊಂಡಿರುತ್ತವೆ. ಕಣಜ ಹತ್ತಿರ ಸುಳಿದರೆ ಆ ಪದರದ ನೊಣಗಳು ಸರತಿಯಂತೆ ಹೊಟ್ಟೆಯನ್ನು ಮೇಲಕ್ಕೆತ್ತುತ್ತವೆ, ಕೆಳಗಿನಿಂದ ನೋಡುವವರಿಗೆ ಗೂಡಿನ ಉದ್ದಕ್ಕೂ ಒಂದು ಅಲೆ ಓಡಿದಂತೆ ಕಾಣುತ್ತದೆ. ಅದು ಎಚ್ಚರಿಕೆ, ದಾಳಿಯಲ್ಲ.

ದಾಳಿಯನ್ನು ಬೆಳೆಸುವುದು ವಾಸನೆ. ಒಂದು ನೊಣ ಕುಟುಕಿದಾಗ ಅದರ ಕೊಂಡಿಯ ಬುಡದಿಂದ ಒಂದು ರಾಸಾಯನಿಕ ಹೊರಬರುತ್ತದೆ. ಐಸೋಪೆಂಟೈಲ್ ಅಸಿಟೇಟ್ ಎಂಬುದು ಅದರ ಮುಖ್ಯ ಅಂಶ, ನಮ್ಮ ಮೂಗಿಗೆ ಅದು ಬಾಳೆಹಣ್ಣಿನ ವಾಸನೆ. ಉಳಿದ ನೊಣಗಳಿಗೆ ಅದು ಶತ್ರುವಿನ ಮೈಮೇಲೆ ಹಾಕಿದ ಗುರುತು. ಕೈ ಬೀಸಿ ನೊಣವನ್ನು ಹೊಡೆದು ಅರೆದರೂ ಇದೇ ವಾಸನೆ ಹರಡುತ್ತದೆ. ಹಾಗಾಗಿ ಹೊಡೆದಷ್ಟೂ ಹೆಚ್ಚು ಬರುತ್ತವೆ. ಔಷಧ ಸಿಂಪಡಿಸಿದರೆ ಆಗುವುದೂ ಇದೇ: ಹೊರಪದರದ ನೊಣಗಳು ಸತ್ತು ಬೀಳುವ ಮೊದಲು ಸಾವಿರಾರು ನೊಣಗಳು ಎದ್ದು ಎದುರಿಗೆ ಕಂಡವರನ್ನೆಲ್ಲ ಅಟ್ಟುತ್ತವೆ, ಉಳಿದ ವಿಷಪೂರಿತ ತುಪ್ಪವನ್ನು ಬೇರೆ ಜೇನುಗಳು ಹೊತ್ತೊಯ್ಯುತ್ತವೆ. ಕೆಳಗೆ ಬೆಂಕಿ ಹಾಕಿ ಹೊಗೆ ಏಳಿಸುವ ಸಾಹಸವೂ ಬೇಡ. ಹೊಗೆ ಅಪಾಯದ ವಾಸನೆಯನ್ನು ಮರೆಮಾಡುತ್ತದೆ ಎಂಬುದು ನಿಜ, ಆದರೆ ಸಾಕುವವರು ಪೆಟ್ಟಿಗೆಗೆ ಹಾಕುವ ಹದವಾದ ತಣ್ಣನೆ ಹೊಗೆಯೇ ಬೇರೆ, ಬೆಂಕಿಯ ಬಿಸಿಗಾಳಿಯೇ ಬೇರೆ.

ಜೇನು ಸುಮ್ಮಸುಮ್ಮನೆ ಏಳುವುದಿಲ್ಲ. ಹೂವಿನ ಕಾಲ ಮುಗಿದು ಮಕರಂದ ಸಿಗದಿದ್ದಾಗ, ಮೋಡ ಕವಿದು ಗುಡುಗುವಾಗ, ರಾಣಿಯಿಲ್ಲದಾದಾಗ ಜೇನಿನ ಸಹನೆ ಕಡಿಮೆಯಾಗುತ್ತದೆ. ಯಂತ್ರದ ಅದುರು, ಕಲ್ಲೆಸೆತ, ಹಕ್ಕಿಯ ದಾಳಿ ಅದನ್ನು ಕೆಣಕುತ್ತವೆ. ಇಂದು ಬೆಳಿಗ್ಗೆ ನಡೆದದ್ದೇನೆಂದು ಕಂಡವರು ಯಾರಾದರೂ ಇದ್ದಾರೆಯೇ?

ಸಿ ಬ್ಲಾಕ್, ಮೊದಲ ಮಹಡಿಯ ನಿವಾಸಿ:
ನಾನು ಕಂಡೆ. ಯಂತ್ರ ಶುರುವಾಗುವುದಕ್ಕೂ ಮುಂಚೆ ದೊಡ್ಡದೊಂದು ಗಿಡುಗ ಟ್ಯಾಂಕಿನ ಅಡಿಗೆ ಎರಡು ಸಲ ಎರಗಿ, ಎರಿಯ ತುಂಡೊಂದನ್ನು ಕಿತ್ತುಕೊಂಡು ಹಾರಿತು. ಇನ್ನೊಂದು ಚೂರು ಹುಲ್ಲಿನ ಮೇಲೆ ಬಿತ್ತು. ಬಿಳಿ ಮರಿಗಳು ತುಂಬಿದ್ದ ಆ ಚೂರಿನ ಸುತ್ತ ನೊಣಗಳು ತೆವಳುತ್ತಿದ್ದವು. ಸ್ವಲ್ಪ ಹೊತ್ತಿಗೆ ಕತ್ತರಿಸುವ ಯಂತ್ರ ಅದರ ಮೇಲೆಯೇ ಹಾದುಹೋಯಿತು.

ಎ ಬ್ಲಾಕ್, ಜೇನು ಸಾಕಿದ ಅನುಭವವಿರುವ ನಿವಾಸಿ:
ಹಾಗಿದ್ದರೆ ಕಾರಣ ಸಿಕ್ಕಂತೆಯೇ. ಅದು ಜೇನುಗಿಡುಗ, ಎರಿಯೊಳಗಿನ ಮರಿಗಳೇ ಅದರ ಮುಖ್ಯ ಆಹಾರ. ಮೊದಲೇ ಕೆರಳಿದ್ದ ಜೇನಿನ ಅಡಿಯಲ್ಲಿ ಯಂತ್ರದ ಸದ್ದು, ಅದರ ಜೊತೆಗೆ ಅರೆದ ನೊಣಗಳ ವಾಸನೆ. ಕೆಲಸಗಾರರದ್ದಾಗಲಿ ಜೇನಿನದ್ದಾಗಲಿ ಇದರಲ್ಲಿ ತಪ್ಪೇನಿಲ್ಲ.

ಹಳದಿ ಹನಿಗಳ ಬಗ್ಗೆ ಕೇಳಿದ್ದೀರಿ. ಅದು ಜೇನಿನ ಮಲ, ಜೀರ್ಣವಾದ ಪರಾಗದ ಉಳಿಕೆ. ಒಣಗುವ ಮೊದಲೇ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಹೆಜ್ಜೇನು ಬೆಳುದಿಂಗಳಲ್ಲಿಯೂ ಹಾರುವ ಜಾತಿಯಾದ್ದರಿಂದ ದೀಪಕ್ಕೆ ಬರುತ್ತದೆ. ಸಂಜೆಯಾಗುತ್ತಲೇ ಪರದೆ ಎಳೆದು, ಬಾಲ್ಕನಿಯ ದೀಪ ಆರಿಸಿಡಿ, ಮೇಡಂ. ಅರ್ಧ ತೊಂದರೆ ಅಲ್ಲಿಗೇ ನಿಲ್ಲುತ್ತದೆ.

ಬಿ ಬ್ಲಾಕ್, ನೆಲಮಹಡಿಯ ನಿವಾಸಿ:
ತಾವು ಬರೆದದ್ದನ್ನೆಲ್ಲ ಒಪ್ಪುತ್ತೇನೆ, ಸರ್. ಆದರೆ ನನ್ನ ಮಗನಿಗೆ ಹಿಂದೊಮ್ಮೆ ಒಂದೇ ನೊಣ ಕಚ್ಚಿ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತು. ಅವನು ದಿನವೂ ಆ ಟ್ಯಾಂಕಿನ ಕೆಳಗಿನ ದಾರಿಯಲ್ಲಿಯೇ ಶಾಲೆಗೆ ಹೋಗುತ್ತಾನೆ. ಹೂವಿನ ಕಾಲ ಮುಗಿದು ಅವು ತಾವಾಗಿಯೇ ಹೋಗಲಿ ಎಂದು ನಾನು ಕಾಯಲಾರೆ.

ಸಿ ಬ್ಲಾಕ್, ವೈದ್ಯೆ:
ಇವರ ಆತಂಕ ನ್ಯಾಯವಾದದ್ದು. ಅಲರ್ಜಿಯಿಲ್ಲದ ವಯಸ್ಕರಿಗೆ ವಿಷದ ಪ್ರಮಾಣದಿಂದಲೇ ಜೀವಾಪಾಯವಾಗಲು ಸಾಮಾನ್ಯವಾಗಿ ನೂರಾರು ಕಡಿತಗಳು ಬೇಕು, ಮಕ್ಕಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಅಲರ್ಜಿ ಇರುವವರಿಗೆ ಒಂದೇ ಕಡಿತವೂ ಪ್ರಾಣಾಂತಿಕವಾಗಬಹುದು. ಕಚ್ಚಿದ ಕೆಲಸಗಾರ ನೊಣ ಹಾರಿಹೋದರೂ ಅದರ ಕೊಂಡಿ ವಿಷದ ಚೀಲದೊಂದಿಗೆ ಚರ್ಮದಲ್ಲೇ ಉಳಿದು ಮಿಡಿಯುತ್ತಾ ವಿಷ ಹರಿಸುತ್ತಿರುತ್ತದೆ. ಅದನ್ನು ಕೆರೆಯಬೇಕೋ ಚಿವುಟಬೇಕೋ ಎಂದು ಚರ್ಚಿಸುತ್ತಾ ಕೂರಬೇಡಿ, ಉಗುರಿಗೆ ಸಿಕ್ಕ ಹಾಗೆ ಆ ಕ್ಷಣವೇ ಕಿತ್ತುಹಾಕಿ; ಇಲ್ಲಿ ವಿಧಾನಕ್ಕಿಂತ ವೇಗ ಮುಖ್ಯ. ಕಚ್ಚಿದ ಕಡೆ ಬಾವು, ನೋವು, ತುರಿಕೆ ಸಹಜ. ದೂರದ ಭಾಗಗಳಲ್ಲೂ ದದ್ದು, ಧ್ವನಿ ಒಡೆಯುವುದು, ಉಬ್ಬಸ, ವಾಂತಿ, ತಲೆಸುತ್ತು ಕಂಡರೆ ಅದು ತುರ್ತುಸ್ಥಿತಿ. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಮಾತ್ರೆ ನುಂಗಿಸಿ ಮನೆಯಲ್ಲಿ ಕಾಯಬಾರದು. ತುಂಬ ಕಡೆ ಕಚ್ಚಿಸಿಕೊಂಡವರಿಗೆ ಸ್ನಾಯು ಮತ್ತು ಮೂತ್ರಪಿಂಡದ ಹಾನಿ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದಾದ್ದರಿಂದ, ಆರಾಮವಾಗಿದ್ದೇನೆ ಎಂದರೂ ಆಸ್ಪತ್ರೆಗೆ ಹೋಗಲೇಬೇಕು.

ಎ ಬ್ಲಾಕ್, ಜೇನು ಸಾಕಿದ ಅನುಭವವಿರುವ ನಿವಾಸಿ:
ಗೇಟಿನ ದಾರಿಯ ಮೇಲೆಯೇ ಗೂಡಿದ್ದು, ಅಲರ್ಜಿಯಿರುವ ಮಗುವೂ ಇರುವಾಗ ಕಾಯೋಣ ಎನ್ನಲು ನನಗೂ ಮನಸ್ಸಿಲ್ಲ. ಅನುಭವಸ್ಥ ಜೇನು ಬಿಡಿಸುವವರನ್ನು ಕರೆಸಿ, ಕತ್ತಲಾದ ಮೇಲೆ, ಪೂರ್ತಿ ರಕ್ಷಣಾ ಉಡುಪಿನಲ್ಲಿ ಎರಿ ತೆಗೆಸೋಣ. ಜೇನಿಗೆ ಕೆಂಪು ಬಣ್ಣ ಕಾಣದಾದ್ದರಿಂದ ಅವರು ಕೆಂಪು ದೀಪ ಬಳಸಲಿ, ನಾವ್ಯಾರೂ ಮೊಬೈಲ್ ಟಾರ್ಚ್ ಹಿಡಿದು ನೋಡಲು ನಿಲ್ಲುವುದು ಬೇಡ. ತೆಗೆದ ಜಾಗದಲ್ಲಿ ಮೇಣದ ಕಲೆ ಉಳಿಯದಂತೆ ಕೆರೆದು ತೊಳೆಯಬೇಕು, ಏಕೆಂದರೆ ಹೆಜ್ಜೇನು ವರ್ಷವರ್ಷವೂ ಅದೇ ಜಾಗಕ್ಕೆ ಮರಳುವ ಸ್ವಭಾವದ್ದು. ಹಿತ್ತಿಲ ದೊಡ್ಡ ಮರದ ತುದಿಯಲ್ಲಿರುವ ಇನ್ನೊಂದು ಗೂಡನ್ನು ಮಾತ್ರ ಮುಟ್ಟಬಾರದು. ಅದರ ಕೆಳಗೆ ಯಾರೂ ಓಡಾಡುವುದಿಲ್ಲ.

ಅಲ್ಲಿಯವರೆಗೆ ಜೇನು ಮತ್ತೆ ಎದ್ದರೆ ಮುಖ ಮುಚ್ಚಿಕೊಂಡು, ನಿಲ್ಲದೆ ನೇರವಾಗಿ ಓಡಿ, ಹತ್ತಿರದ ಮನೆಯನ್ನೋ ಕಾರನ್ನೋ ಹೊಕ್ಕು ಬಾಗಿಲು ಹಾಕಿಕೊಳ್ಳಿ. ಈಜುಕೊಳಕ್ಕೆ ಧುಮುಕಬೇಡಿ, ಉಸಿರಿಗಾಗಿ ತಲೆ ಎತ್ತುವವರೆಗೆ ಅವು ಮೇಲೆಯೇ ಸುತ್ತುತ್ತಿರುತ್ತವೆ.

ಬಿ ಬ್ಲಾಕ್, ಮೇಲಿನ ಮಹಡಿಯ ನಿವಾಸಿ:
ಔಷಧ ಬೇಡವೆಂಬುದನ್ನು ಒಪ್ಪಿದೆ. ತೆಗೆಯುವ ದಿನ ಮಾತ್ರ ಮೊದಲೇ ತಿಳಿಸಿ.

ಸಂಘದ ಕಾರ್ಯದರ್ಶಿ:
ಹಾಗಾದರೆ ತೀರ್ಮಾನ ಇಷ್ಟು. ಟ್ಯಾಂಕಿನ ಗೂಡನ್ನು ನುರಿತವರಿಂದ ರಾತ್ರಿ ತೆಗೆಸುತ್ತೇವೆ, ಮರದ ಗೂಡು ಹಾಗೆಯೇ ಇರುತ್ತದೆ. ಅಲ್ಲಿಯವರೆಗೆ ಹುಲ್ಲು ಕತ್ತರಿಸುವುದನ್ನೂ ಟ್ಯಾಂಕ್ ತೊಳೆಯುವುದನ್ನೂ ನಿಲ್ಲಿಸಲಾಗಿದೆ, ಗೇಟಿಗೆ ಸಿ ಬ್ಲಾಕಿನ ಹಿಂದಿನ ದಾರಿಯನ್ನು ಬಳಸಬೇಕು. ತಾರಸಿಯ ಬೀಗದ ಕೈ ಕಾವಲುಗಾರರ ಬಳಿ ಮಾತ್ರ ಇರುತ್ತದೆ. ಫೋಟೊ ತೆಗೆಯಲೆಂದು ಯಾರೂ ಕೇಳಬಾರದು.